ಹಳೆಯ ಸ್ಪೋರ್ಟ್ಸ್ ಕಾರಿಗೆ ಸ್ಪಾರ್ಕ್ ಪ್ಲಗ್: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಆಯ್ಕೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಒತ್ತಿಹಿಡಿದ ಪೆಟ್ರೋಲು-ಗಾಳಿಯ ಮಿಶ್ರಣಕ್ಕೆ ವಿದ್ಯುತ್ ಕಿಡಿಯಿಂದ ಬೆಂಕಿ ಕೊಡುವ ಬಿಡಿಭಾಗವೇ ಸ್ಪಾರ್ಕ್ ಪ್ಲಗ್. ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 33 ಸಲ ಕಿಡಿ ಹಾರಿಸಬೇಕು. ಕಿಡಿ ಹಾರಿಸುವುದು ಅದರ ಅರ್ಧ ಕೆಲಸ ಮಾತ್ರ. ಉರಿಯುವ ಕೋಣೆಯಲ್ಲಿ ತಲೆಯಿಟ್ಟು ಕುಳಿತ ಪ್ಲಗ್ಗು ತನಗೆ ತಾಗಿದ ಬಿಸಿಯನ್ನು ಹೊತ್ತಿಗೆ ಸರಿಯಾಗಿ ಹೊರಗೆ ದಾಟಿಸಬೇಕು. ಬೇಗ ದಾಟಿಸಿದರೆ ಕರಿ ಹಿಡಿಯುತ್ತದೆ, ತಡವಾದರೆ ಕೆಂಡವಾಗುತ್ತದೆ. ಹಳೆಯ ಕಾರಿಗೆ ಪ್ಲಗ್ ಆರಿಸುವುದೆಂದರೆ ಹೆಚ್ಚಿನ ಮಟ್ಟಿಗೆ ಈ ಎರಡರ ನಡುವಿನ ಜಾಗವನ್ನು ಹುಡುಕುವುದು. ಆ ಜಾಗ ಎಂಜಿನ್ನಿನ ಮೇಲೆ ಎಷ್ಟು ನಿಂತಿದೆಯೋ, ಕಾರು ಓಡುವ ಊರಿನ ಮೇಲೂ ಅಷ್ಟೇ ನಿಂತಿದೆ.

ದಕ್ಷಿಣ ಕನ್ನಡದ ಈ ಮೂರು ಊರುಗಳ ನಡುವಿನ ರಸ್ತೆ ಒಂದು ತ್ರಿಕೋನ. ಬಂಟ್ವಾಳದಿಂದ ಮಂಗಳೂರು–ಚಾರ್ಮಾಡಿ ಹೆದ್ದಾರಿಯಲ್ಲಿ ಬೆಳ್ತಂಗಡಿ, ಅಲ್ಲಿಂದ ಗುರುವಾಯನಕೆರೆ, ವೇಣೂರು ಹಾದು ಮೂಡುಬಿದಿರೆ, ಮತ್ತೆ ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳ. ಒಂದು ಸುತ್ತು ಬಂದರೆ ನೂರು ಕಿಲೋಮೀಟರಿನ ಆಸುಪಾಸು. ಗುಡ್ಡ ಹತ್ತಿ ಬಯಲಿಗಿಳಿಯುವ ಈ ದಾರಿಯಲ್ಲಿ ಸೇತುವೆ, ಪೇಟೆ, ತಿರುವುಗಳು ಒಂದರ ಹಿಂದೆ ಒಂದು. ಉಜಿರೆಯಲ್ಲಿ ಪೂರ್ವಕ್ಕೆ ಮುಂದುವರಿದರೆ ಚಾರ್ಮಾಡಿ ಘಾಟಿ, ಅದರ ನೆತ್ತಿಯಲ್ಲಿ ಕೊಟ್ಟಿಗೆಹಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಇಂಗ್ಲೆಂಡಿನಲ್ಲಿ ಅಚ್ಚಾದ ಹ್ಯಾಂಡ್‌ಬುಕ್ಕು ಇಂಥ ದಾರಿಯನ್ನು ನೋಡಿ ಬರೆದದ್ದಲ್ಲ. ಅದು ಹೇಳುವ ನಂಬರಿನಿಂದ ಆರಂಭಿಸಬೇಕು ನಿಜ, ಆದರೆ ಕೊನೆಯ ಮಾತನ್ನು ಈ ರಸ್ತೆಯಲ್ಲಿ ಓಡಿಬಂದ ಪ್ಲಗ್ಗೇ ಹೇಳಬೇಕು.

ಟ್ಯಾಕ್ಸಿ ಸ್ಟ್ಯಾಂಡಿನ ಸ್ಪೋರ್ಟ್ಸ್ ಎಂಜಿನ್

ಹಳೆಯ ಸ್ಪೋರ್ಟ್ಸ್ ಕಾರು ಎಂದರೆ ಎಲ್ಲೋ ಬೆಂಗಳೂರು, ಮುಂಬಯಿಗಳ ಶ್ರೀಮಂತರ ಶೆಡ್ಡಿನ ವಸ್ತು ಎಂಬ ಭಾವನೆ ಇದೆ. ಎಂಜಿನ್ನಿನ ಕುಲ ನೋಡಿದರೆ ಹಾಗಲ್ಲ. ಬಂಟ್ವಾಳದ ಬಿ.ಸಿ. ರೋಡಿನಲ್ಲೂ ಮೂಡುಬಿದಿರೆಯಲ್ಲೂ ದಶಕಗಳ ಕಾಲ ಜನರನ್ನು ತುಂಬಿಕೊಂಡು ಓಡಿದ ಅಂಬಾಸಿಡರ್ ಕಾರು ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಮಾದರಿಯಿಂದ ಬಂದದ್ದು. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ 1957ರಿಂದ 2014ರವರೆಗೆ ತಯಾರಿಸಿತು. ಮೊದಲಿಗಿದ್ದ ಸೈಡ್‌ವಾಲ್ವ್ ಎಂಜಿನ್ ಹೋಗಿ 1959ರಲ್ಲಿ ಬಂದದ್ದು 1,489 ಸಿ.ಸಿ.ಯ ಬಿ.ಎಂ.ಸಿ. ‘ಬಿ ಸೀರೀಸ್’ ಎಂಜಿನ್. 1955ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಎಂ.ಜಿ.ಎ. ಎಂಬ ಸುಂದರ ತೆರೆದ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ 1,489 ಸಿ.ಸಿ. ಎಂಜಿನ್, ಅಂಬಾಸಿಡರ್‌ಗೆ ಒಂದೇ ಎಸ್.ಯು. ಕಾರ್ಬ್ಯುರೇಟರ್, ಅದಕ್ಕೆ ಎರಡು. ಆಮೇಲೆ ಬಂದ ಎಂ.ಜಿ.ಬಿ.ಯಲ್ಲಿ ಇದೇ ಎಂಜಿನ್ 1,798 ಸಿ.ಸಿ.ಗೆ ಬೆಳೆಯಿತು.

ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಲ್ಲಿ ತಂದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಕಥೆಯೂ ಇಂಥದೇ. ಅದರ 948 ಸಿ.ಸಿ. ಎಂಜಿನ್ನನ್ನು ಹಿಗ್ಗಿಸಿ 1,147 ಸಿ.ಸಿ. ಮಾಡಿದಾಗ 1962ರ ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿತು. ಪ್ರೀಮಿಯರ್ ಪದ್ಮಿನಿಯ 1,089 ಸಿ.ಸಿ. ಎಂಜಿನ್ ಇಟಲಿಯ ಫಿಯೆಟ್ 1100ರದು. 1953ರಲ್ಲೇ ಅದರ ಚುರುಕು ಮಾದರಿಯೊಂದು ‘ಟುರಿಸ್ಮೊ ವೆಲೋಚೆ’ ಎಂಬ ಹೆಸರಿನಲ್ಲಿ ಬಂದಿತ್ತು. ಹೀಗಾಗಿ ಈ ಸೀಮೆಯ ಹಿರಿಯ ಮೆಕ್ಯಾನಿಕರ ಕೈಗೆ ಈ ಎಂಜಿನ್‌ಗಳು ಹೊಸವಲ್ಲ. ಅಂಬಾಸಿಡರ್‌ನ ಟ್ಯಾಪೆಟ್ ಹೊಂದಿಸಿದವರು, ಪಾಯಿಂಟ್ ಉಜ್ಜಿದವರು ಎಂ.ಜಿ.ಯ ಬಾನೆಟ್ ಎತ್ತಿದರೆ ಪರಿಚಯದ ಮುಖವೇ ಕಾಣುತ್ತದೆ. ಆ ಜ್ಞಾನ ಇರುವವರು ಒಬ್ಬೊಬ್ಬರಾಗಿ ಗ್ಯಾರೇಜು ಮುಚ್ಚುತ್ತಿದ್ದಾರೆ. ಅವರು ಇರುವಾಗಲೇ ಕೇಳಿ ತಿಳಿದುಕೊಳ್ಳಬೇಕು ಎಂಬುದು ಈ ಲೇಖನ ಬರೆಯಲು ಒಂದು ಕಾರಣ.

ಹಿನ್ನೆಲೆ

ಫ್ರಾನ್ಸಿನಲ್ಲಿ ನೆಲೆಸಿದ್ದ ಎಟಿಯೆನ್ ಲೆನ್ವಾರ್ 1860ರ ಹೊತ್ತಿಗೇ ತನ್ನ ಗ್ಯಾಸ್ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ್ದ. ಕಾರಿಗೆ ಒಗ್ಗುವ ಪ್ಲಗ್ ಬಂದದ್ದು 1902ರಲ್ಲಿ. ಜರ್ಮನಿಯ ರಾಬರ್ಟ್ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೋ ಮತ್ತು ಪ್ಲಗ್ಗನ್ನು ಜೋಡಿಯಾಗಿ ರೂಪಿಸಿದ. ಆ ಕಾಲದ ಪ್ಲಗ್ಗಿಗೆ ಪಿಂಗಾಣಿಯೋ ಅಭ್ರಕವೋ ಕವಚ. ಅಭ್ರಕದ ಪ್ಲಗ್‌ಗಳಿಗೆ ಬ್ರಿಟನ್ನಿನಲ್ಲಿ ಹೆಸರಾದದ್ದು ಕೆ.ಎಲ್.ಜಿ.; ಅದು ರೇಸುಗಾರ ಕೆನೆಲ್ಮ್ ಲೀ ಗಿನ್ನೆಸ್‌ನ ಹೆಸರಿನ ಮೊದಲ ಅಕ್ಷರಗಳು. 1930ರ ದಶಕದಿಂದ ಅಲ್ಯುಮಿನಾ ಎಂಬ ಸುಟ್ಟ ಅಲ್ಯುಮಿನಿಯಂ ಆಕ್ಸೈಡ್ ಬಂದು ಉಳಿದದ್ದನ್ನೆಲ್ಲ ಬದಿಗೆ ತಳ್ಳಿತು. ಇಂದು ಪ್ಲಗ್ಗಿನಲ್ಲಿ ಕಾಣುವ ಬಿಳಿ ಭಾಗ ಅದೇ.

ಕನ್ನಡನಾಡಿನ ಮಟ್ಟಿಗೆ ಪ್ಲಗ್ ಎಂದರೆ ಮೈಕೋ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದು ಬಾಷ್ ತಂತ್ರಜ್ಞಾನದ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಎಂಜಿನ್‌ಗಳ ಇಂಧನ ಪಂಪನ್ನೂ ತಯಾರಿಸಿತು. ಬೆಂಗಳೂರಿನ ಮೈಕೋ ಲೇಔಟಿಗೆ ಹೆಸರು ಬಂದದ್ದು ಈ ಕಾರ್ಖಾನೆಯಿಂದ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಹಳೆಯ ಗ್ಯಾರೇಜುಗಳ ಡಬ್ಬಿಯಲ್ಲಿ ಮೈಕೋ ಎಂದು ಅಚ್ಚಾದ, ಬಳಸದ ಪ್ಲಗ್ ಈಗಲೂ ಸಿಗುವುದುಂಟು. ಅಂಥದು ಸಿಕ್ಕಿದರೆ ಮೊದಲು ಅದರ ನಂಬರನ್ನು ಓದಲು ಕಲಿಯಬೇಕು.

ನಂಬರಿನ ತಿರುವುಮುರುವು

ಇಲ್ಲಿ ತಪ್ಪಿದರೆ ಎಂಜಿನ್ನಿಗೇ ಪೆಟ್ಟು. ಪ್ಲಗ್ಗಿನ ಮೇಲಿನ ಅಕ್ಷರ, ಅಂಕಿಗಳಿಗೆ ಲೋಕಕ್ಕೆಲ್ಲ ಸಮಾನವಾದ ಒಂದು ಭಾಷೆ ಇಲ್ಲ. ಜಪಾನಿನ ಎನ್.ಜಿ.ಕೆ.ಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್, ಅಂದರೆ ಬಿಸಿಯನ್ನು ಬೇಗ ಹೊರಗೆ ದಾಟಿಸುವಂಥದು. ಬಿಪಿ7ಇಎಸ್ ಎಂಬುದು ಬಿಪಿ6ಇಎಸ್‌ಗಿಂತ ಒಂದು ಮೆಟ್ಟಿಲು ತಣ್ಣಗಿನದು. ಬಾಷ್‌ನಲ್ಲಿಯೂ ಚಾಂಪಿಯನ್‌ನಲ್ಲಿಯೂ ಇದಕ್ಕೆ ತದ್ವಿರುದ್ಧ: ಅಂಕಿ ಏರಿದಷ್ಟೂ ಹಾಟ್, ಅಂದರೆ ತಡವಾಗಿ ದಾಟಿಸುವಂಥದು. ‘ಏಳು ನಂಬರ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದಕ್ಕೆ ಅರ್ಥವೇ ಇಲ್ಲ. ಯಾವ ಕಂಪನಿಯ ಏಳು ಎಂದು ಹೇಳಬೇಕು.

ಗೊಂದಲ ಅಷ್ಟಕ್ಕೇ ಮುಗಿಯುವುದಿಲ್ಲ. ಬಾಷ್‌ನವರು ಮತ್ತು ಆ ಪದ್ಧತಿಯಲ್ಲೇ ನಡೆದ ಮೈಕೋದವರು ಹಿಂದೆ ಡಬ್ಲ್ಯು145ಟಿ1, ಡಬ್ಲ್ಯು175ಟಿ1 ಎಂಬಂಥ ಮೂರಂಕಿಯ ನಂಬರು ಹಾಕುತ್ತಿದ್ದರು. ಅದರಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್. ಹೊಸ ಪದ್ಧತಿ ಬಂದಾಗ ದಿಕ್ಕೇ ತಿರುಗಿತು. ಹಳೆಯ 145 ಈಗಿನ 8ರ ಮಟ್ಟಕ್ಕೂ 175 ಈಗಿನ 7ರ ಮಟ್ಟಕ್ಕೂ ಬಂದವು. ಅಂದರೆ ಒಂದೇ ಕಂಪನಿಯ ಹಳೆ ಡಬ್ಬಿ ಮತ್ತು ಹೊಸ ಡಬ್ಬಿ ಎದುರುಬದುರು ಮಾತಾಡುತ್ತವೆ. ಹಳೆಯ ನಂಬರಿನ ಕೊನೆಯ ಟಿ1 ಎಂದರೆ ಗಿಡ್ಡ ತ್ರೆಡ್ಡು, ಟಿ2 ಎಂದರೆ ಉದ್ದ ತ್ರೆಡ್ಡು.

ಒಂದು ನಂಬರನ್ನು ಬಿಡಿಸಿ ನೋಡುವುದು ಒಳ್ಳೆಯದು. ಬಿಪಿ6ಇಎಸ್‌ನಲ್ಲಿ ‘ಬಿ’ ಎಂದರೆ 14 ಮಿಲಿಮೀಟರ್ ದಪ್ಪದ ತ್ರೆಡ್ಡು ಮತ್ತು 20.8 ಮಿ.ಮೀ. ಸ್ಪ್ಯಾನರ್ ಅಳತೆ. ‘ಪಿ’ ಎಂದರೆ ಬಿಳಿ ಮೂಗು ಕವಚದಿಂದ ಹೊರಕ್ಕೆ ಚಾಚಿದೆ. 6 ಎಂಬುದು ಹೀಟ್ ರೇಂಜ್, ಅಂದರೆ ಹಾಟ್–ಕೋಲ್ಡ್ ಮಟ್ಟ. ‘ಇ’ ಎಂದರೆ ತ್ರೆಡ್ಡಿನ ಉದ್ದ 19 ಮಿ.ಮೀ.; ಆ ಜಾಗದಲ್ಲಿ ‘ಎಚ್’ ಇದ್ದರೆ 12.7 ಮಿ.ಮೀ. ಕೊನೆಯ ‘ಎಸ್’ ತಾಮ್ರದ ತಿರುಳಿನ ಸಾಮಾನ್ಯ ಪ್ಲಗ್ ಎಂಬುದರ ಗುರುತು. ನಡುವೆ ‘ಆರ್’ ಸೇರಿ ಬಿಪಿಆರ್6ಇಎಸ್ ಆದರೆ ಒಳಗೆ ಸುಮಾರು 5,000 ಓಮ್‌ನ ರೆಸಿಸ್ಟರ್ ಇದೆ. ರೆಸಿಸ್ಟರ್ ಇಲ್ಲದ ಬಿಪಿ6ಇಎಸ್‌ಗೆ ಸರಿಸಮನಾದ ಬಾಷ್ ಪ್ಲಗ್ ಡಬ್ಲ್ಯು7ಡಿಸಿ, ಚಾಂಪಿಯನ್‌ನಲ್ಲಿ ಎನ್9ವೈಸಿ. ಈ ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟರೆ ಬಿ ಸೀರೀಸ್ ಎಂಜಿನ್ನಿನ ಮಾಲೀಕ ಯಾವ ಊರಿನ ಅಂಗಡಿಯಲ್ಲೂ ತಬ್ಬಿಬ್ಬಾಗುವುದಿಲ್ಲ.

ದಪ್ಪ ಮತ್ತು ಉದ್ದ

ತ್ರೆಡ್ಡಿನ ದಪ್ಪ ತಪ್ಪಿದರೆ ಪ್ಲಗ್ ಕೂರುವುದೇ ಇಲ್ಲ; ಅದು ತನ್ನಷ್ಟಕ್ಕೇ ಗೊತ್ತಾಗುವ ತಪ್ಪು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರಿಗೆ ಕಾರಿನ ಚರಿತ್ರೆ ಎಷ್ಟು ವೈವಿಧ್ಯದ್ದು ಎಂದು ಬೇರೆ ಹೇಳಬೇಕಿಲ್ಲ. ಗಾಂಧೀಜಿಯವರು ಪ್ರಯಾಣಿಸಿದ್ದೆಂದು ಪ್ರಸಿದ್ಧವಾದ ಸ್ಟುಡಿಬೇಕರ್ ಅಲ್ಲಿದೆ. ಆ ತಲೆಮಾರಿನ ಕಾರುಗಳಲ್ಲಿ ಪ್ಲಗ್ಗಿನ ಅಳತೆಯೂ ಹಾಗೆಯೇ ಬಗೆಬಗೆಯದು. ಫೋರ್ಡ್ ಮಾಡೆಲ್ ಟಿ ಕಾರಿಗೆ ನೀರಿನ ಪೈಪಿನಂಥ ಓರೆ ತ್ರೆಡ್ಡು, ಮಾಡೆಲ್ ಎ ಕಾರಿಗೆ ಮುಕ್ಕಾಲು ಇಂಚಿಗೂ ದಪ್ಪನಾದ ಪ್ಲಗ್, ಹಲವಕ್ಕೆ 18 ಮಿ.ಮೀ., 1930ರ ದಶಕದ ಕೊನೆಯ ಕೆಲವು ಅಮೆರಿಕನ್ ಕಾರುಗಳಿಗೆ ಸಪೂರ 10 ಮಿ.ಮೀ. ಯುದ್ಧಾನಂತರದ ಸ್ಪೋರ್ಟ್ಸ್ ಕಾರುಗಳಲ್ಲಿ ಬಹುತೇಕ 14 ಮಿ.ಮೀ. ನೆಲೆನಿಂತಿತು.

ಉದ್ದದ ತಪ್ಪು ಹಾಗಲ್ಲ. ಪ್ಲಗ್ ಸುಲಭವಾಗಿ ಕೂರುತ್ತದೆ, ಎಂಜಿನ್ ಸ್ಟಾರ್ಟೂ ಆಗಬಹುದು. ಗಿಡ್ಡ ಪ್ಲಗ್ಗನ್ನು ಉದ್ದದ ಹೆಡ್ಡಿಗೆ ಹಾಕಿದರೆ ಕಿಡಿ ಹೊಂಡದೊಳಗೆ ಹುದುಗುತ್ತದೆ, ಮಿಶ್ರಣ ಸರಿಯಾಗಿ ಹೊತ್ತುವುದಿಲ್ಲ. ಮಿಕ್ಕ ತ್ರೆಡ್ಡಿನಲ್ಲಿ ಕರಿ ಗಟ್ಟಿಯಾಗಿ, ಮುಂದೊಂದು ದಿನ ಸರಿಯಾದ ಪ್ಲಗ್ ಹಾಕಹೋದರೆ ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಉದ್ದದ್ದನ್ನು ಗಿಡ್ಡದ ಹೆಡ್ಡಿಗೆ ಹಾಕಿದರೆ ಇನ್ನೂ ಕೇಡು. ಒಳಗೆ ಚಾಚಿದ ತ್ರೆಡ್ಡು ಕಾದು ಕೆಂಪಾಗುತ್ತದೆ. ಪಿಸ್ಟನ್ನೋ ವಾಲ್ವೋ ಬಂದು ಗುದ್ದಿದರೂ ಆಶ್ಚರ್ಯವಿಲ್ಲ. ಬೆಳ್ತಂಗಡಿ ಕಡೆಯ ತೋಟಗಳಲ್ಲಿ ದುಡಿದ ಹಳೆಯ ವಿಲ್ಲಿಸ್ ಪೆಟ್ರೋಲ್ ಜೀಪಿನ ಪ್ಲಗ್ಗಿನ ತ್ರೆಡ್ಡು 9.5 ಮಿ.ಮೀ. ಮಾತ್ರ, ಅಂಬಾಸಿಡರ್‌ನದು, ಎಂ.ಜಿ.ಎ.ಯದು 19. ಎರಡೂ 14 ಮಿ.ಮೀ. ದಪ್ಪದವೇ. ಶೆಡ್ಡಿನಲ್ಲಿ ಎರಡೂ ವಾಹನ ಇರುವವರು ಪ್ಲಗ್‌ಗಳನ್ನು ಒಂದೇ ಡಬ್ಬಿಯಲ್ಲಿ ಇಡಬಾರದು. ಹೆರಾಲ್ಡ್–ಸ್ಪಿಟ್‌ಫೈರ್ ವಂಶದಲ್ಲಿ ಎಂಜಿನ್ ಒಂದೇ ಕುಲದ್ದಾದರೂ ಕಾಲಕಾಲಕ್ಕೆ ಹೆಡ್ ಬದಲಾಗಿದೆ. ಅಲ್ಲಿ ಪುಸ್ತಕವನ್ನಷ್ಟೇ ನಂಬದೆ ಹೆಡ್ಡಿನ ತೂತಿನ ಆಳವನ್ನೇ ಅಳೆಯುವುದು ಲೇಸು, ಏಕೆಂದರೆ ಅರುವತ್ತು ವರ್ಷದ ಕಾರಿನಲ್ಲಿ ಯಾವ ಕಾಲದ ಹೆಡ್ ಕೂತಿದೆ ಎಂದು ಪುಸ್ತಕಕ್ಕೆ ಗೊತ್ತಿರುವುದಿಲ್ಲ.

ಹಾಟ್, ಕೋಲ್ಡ್

ಪ್ಲಗ್ಗಿನ ಬಿಳಿ ಮೂಗು ಉದ್ದವಾಗಿದ್ದರೆ ಬಿಸಿ ಹೊರಗೆ ಹೋಗಲು ದೂರ ಸಾಗಬೇಕು. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದು ಹಾಟ್ ಪ್ಲಗ್. ಮೂಗು ಗಿಡ್ಡವಾದರೆ ಬಿಸಿ ಬೇಗ ಹೆಡ್ಡಿಗೆ ದಾಟುತ್ತದೆ, ಅದು ಕೋಲ್ಡ್ ಪ್ಲಗ್. ಕಿಡಿಯ ಬಿಸಿಗೂ ಇದಕ್ಕೂ ಸಂಬಂಧವಿಲ್ಲ. ‘ಹಾಟ್ ಪ್ಲಗ್ ಹಾಕಿದರೆ ಪಿಕಪ್ ಬರ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳುವುದುಂಟು. ಅದು ನಿಜವಲ್ಲ, ಮತ್ತು ಅದನ್ನು ನಂಬಿದವರ ಪಿಸ್ಟನ್ ತೂತಾಗಬಹುದು.

ತುದಿಯ ಉಷ್ಣತೆ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂಟಿದ ಕರಿ ತಾನಾಗಿ ಸುಟ್ಟುಹೋಗುತ್ತದೆ. 850ರ ಆಚೆ ಹೋದರೆ ಕಿಡಿ ಬೀಳುವ ಮೊದಲೇ ಪ್ಲಗ್ಗಿನ ಕೆಂಡವೇ ಮಿಶ್ರಣಕ್ಕೆ ಬೆಂಕಿ ಕೊಡುವ ಅಪಾಯ. ಪಿಸ್ಟನ್ ಮೇಲೇರುತ್ತಿರುವಾಗಲೇ ಉರಿ ಎದುರಾದರೆ ಅಲ್ಯುಮಿನಿಯಂ ಕರಗುತ್ತದೆ. ಎಂ.ಜಿ.ಎ. ಟ್ವಿನ್ ಕ್ಯಾಮ್ ಎಂಬ ಕಾರಿನ ದುರಂತ ಈ ಬಗೆಯದು. 1958ರಿಂದ 1960ರವರೆಗೆ 2,111 ಕಾರುಗಳಷ್ಟೇ ತಯಾರಾದವು. ಕಂಪ್ರೆಷನ್ ಅನುಪಾತ 9.9ಕ್ಕೆ 1. ಪಿಸ್ಟನ್ ಸುಟ್ಟ ದೂರುಗಳಿಂದ ಅದರ ಹೆಸರೇ ಕೆಟ್ಟಿತು. ಕಾರ್ಬ್ಯುರೇಟರ್ ನಡುಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತಿದ್ದುದು ಅದಕ್ಕೆ ಒಂದು ಕಾರಣವೆಂದು ಬಹಳ ತಡವಾಗಿ ಅರ್ಥವಾಯಿತು. ಪ್ಲಗ್ಗು, ಪೆಟ್ರೋಲು, ಮಿಶ್ರಣ, ಟೈಮಿಂಗ್ ಒಂದೇ ಹಗ್ಗದ ಎಳೆಗಳು ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಬೇಕಿಲ್ಲ.

ನಮ್ಮ ಸೀಮೆಗೆ ಬಂದರೆ ಒಂದೇ ಕಾರು ಎರಡು ಬದುಕು ಬದುಕುತ್ತದೆ. ಮೂಡುಬಿದಿರೆಯ ಪೇಟೆಗೆ ಹೋಗಿ ಸಾಮಾನು ತಂದು ಮನೆಗೆ ಮರಳುವ ನಾಲ್ಕೈದು ಕಿಲೋಮೀಟರಿನ ಓಟದಲ್ಲಿ, ಅದೂ ಮಳೆಗಾಲದಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ, ಪ್ಲಗ್ 450 ಡಿಗ್ರಿ ಮುಟ್ಟುವುದೇ ಇಲ್ಲ. ಕರಿ ಹಿಡಿದು ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಅದೇ ಕಾರು ಮುಂದಿನ ಭಾನುವಾರ ನಾಲ್ಕು ಜನರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಚಾರ್ಮಾಡಿ ಹತ್ತುತ್ತದೆ. ನಿಧಾನ ವೇಗ, ಪೂರ್ತಿ ಆಕ್ಸಿಲರೇಟರ್, ರೇಡಿಯೇಟರಿಗೆ ಗಾಳಿ ಕಡಿಮೆ. ಪ್ಲಗ್ಗಿಗೆ ಅತಿ ಹೆಚ್ಚು ಬಿಸಿ ತಾಗುವ ಹೊತ್ತು ಅದು. ಒಂದು ಪ್ಲಗ್ ಎರಡನ್ನೂ ತಾಳಬೇಕು.

ಇದಕ್ಕೆ ಉತ್ತರವೆಂದರೆ ಮೂಗು ಹೊರಚಾಚಿದ ಪ್ಲಗ್, ಎನ್.ಜಿ.ಕೆ.ಯ ‘ಪಿ’, ಚಾಂಪಿಯನ್‌ನ ‘ವೈ’. ಚಾಚಿದ ಮೂಗು ನಿಧಾನದ ಓಟದಲ್ಲಿ ಉರಿಗೆ ಹತ್ತಿರವಿದ್ದು ಬೇಗ ಕಾಯುತ್ತದೆ. ವೇಗದ ಓಟದಲ್ಲಿ ಒಳನುಗ್ಗುವ ತಂಪು ಮಿಶ್ರಣ ಅದನ್ನೇ ಸವರಿಕೊಂಡು ಹೋಗುವುದರಿಂದ ಬಿಸಿ ಹತೋಟಿಯಲ್ಲಿರುತ್ತದೆ. ತಾಮ್ರದ ತಿರುಳು ಸೇರಿದರೆ ಈ ಹಿಡಿತ ಇನ್ನೂ ಅಗಲ. 1950ರ ದಶಕದ ಹ್ಯಾಂಡ್‌ಬುಕ್ಕು ಹೇಳುವ ಪ್ಲಗ್‌ಗಳಿಗೆ ಈ ಸೌಕರ್ಯ ಇರಲಿಲ್ಲ. ಪಿಸ್ಟನ್ನಿಗೆ ತಾಗದಷ್ಟು ಜಾಗವಿದೆ ಎಂದು ಖಚಿತಪಡಿಸಿಕೊಂಡು ಹೊಸ ಬಗೆಯದನ್ನು ಹಾಕುವುದೇ ಸರಿ. ಎಂ.ಜಿ.ಬಿ.ಗೆ ಕಂಪನಿಯೇ ಎನ್9ವೈ ಸೂಚಿಸಿತ್ತು. ಹಳೆಯದಕ್ಕೆ ಹಳೆಯದೇ ಆಗಬೇಕೆಂಬ ಹಟ ಪ್ಲಗ್ಗಿನ ವಿಷಯದಲ್ಲಿ ಬೇಡ.

ಒಂದು ಸಿಲಿಂಡರಿನ ಪ್ಲಗ್ ಮಾತ್ರ ಎಣ್ಣೆಯಿಂದ ಒದ್ದೆಯಾಗಿದ್ದರೆ ಅದು ಪ್ಲಗ್ಗಿನ ತಪ್ಪಲ್ಲ. ಬಿ ಸೀರೀಸ್ ಎಂಜಿನ್ನಿನಲ್ಲಿ ವಾಲ್ವ್ ಗೈಡ್ ಸವೆದು ಎಣ್ಣೆ ಇಳಿಯುವುದು ಹಳೆಯ ಕಾಯಿಲೆ. ಆ ಒಂದು ಸಿಲಿಂಡರಿಗೆ ಹಾಟ್ ಪ್ಲಗ್ ಹಾಕಿ ದಿನ ತಳ್ಳುವವರಿದ್ದಾರೆ. ಊರಿಗೆ ತಲುಪಲು ಆಗಬಹುದು. ಚಿಕಿತ್ಸೆ ಮಾತ್ರ ಹೆಡ್ ಇಳಿಸಿಯೇ ಮಾಡಬೇಕು.

ಗ್ಯಾಪ್ ಮತ್ತು ಕಾಯಿಲ್

ಪಾಯಿಂಟ್, ಕಂಡೆನ್ಸರ್ ಇರುವ ಹಳೆಯ ಇಗ್ನಿಷನ್ನಿಗೆ ಎಂ.ಜಿ.ಯ ಪುಸ್ತಕ ಹೇಳುವ ಗ್ಯಾಪ್ ಇಂಚಿನ ಸಾವಿರದಲ್ಲಿ 25 ಭಾಗ, ಅಂದರೆ 0.64 ಮಿ.ಮೀ. ಪೆಟ್ಟಿಗೆಯಿಂದ ತೆಗೆದ ಹೊಸ ಪ್ಲಗ್ಗಿನ ಗ್ಯಾಪ್ ಇದಕ್ಕಿಂತ ಹೆಚ್ಚಿರುವುದು ಸಾಮಾನ್ಯ, ಆದ್ದರಿಂದ ಫೀಲರ್ ಗೇಜಿನಲ್ಲಿ ಅಳೆಯದೆ ಹಾಕಬಾರದು. ಬಗ್ಗಿಸುವುದಾದರೆ ಬದಿಯ ಎಲೆಕ್ಟ್ರೋಡನ್ನು ಮಾತ್ರ; ನಡುವಿನದಕ್ಕೆ ಒತ್ತಡ ಬಿದ್ದರೆ ಬಿಳಿ ಮೂಗು ಸೀಳುತ್ತದೆ, ಆ ಸೀಳು ಕಣ್ಣಿಗೂ ಕಾಣದು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದವರು ಗ್ಯಾಪನ್ನು 0.8 ಮಿ.ಮೀ.ವರೆಗೆ ಹಿಗ್ಗಿಸಬಹುದು. ಆಗ ರೆಸಿಸ್ಟರ್ ಇರುವ ಪ್ಲಗ್ಗೇ ಬೇಕು. ಇಲ್ಲದಿದ್ದರೆ ಕಿಡಿಯ ಗದ್ದಲ ಆ ಇಗ್ನಿಷನ್ನಿನ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಗಲಿಬಿಲಿಗೊಳಿಸುತ್ತದೆ. ಪಾಯಿಂಟ್ ಇರುವ ಕಾರಿಗೆ ರೆಸಿಸ್ಟರ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ಕಡೆಗಣಿಸಲ್ಪಟ್ಟ ಒಂದು ಸಂಗತಿ ಕಾಯಿಲ್‌ನ ವಯರು. ಎಂ.ಜಿ.ಎ. ಕಾರುಗಳಲ್ಲೂ 1967ರವರೆಗಿನ ಎಂ.ಜಿ.ಬಿ.ಗಳಲ್ಲೂ ಬ್ಯಾಟರಿಯ ಪಾಸಿಟಿವ್ ತುದಿ ಅರ್ತ್ ಆಗಿತ್ತು. ರೇಡಿಯೋಗಾಗಿಯೋ ಆಲ್ಟರ್ನೇಟರ್‌ಗಾಗಿಯೋ ಅದನ್ನು ನೆಗೆಟಿವ್‌ಗೆ ತಿರುಗಿಸಿದವರು ಕಾಯಿಲ್‌ನ ಎರಡು ವಯರನ್ನೂ ಅದಲುಬದಲು ಮಾಡಬೇಕು. ಮರೆತರೆ ಕಿಡಿ ತಿರುಗುಮುರುಗಾಗಿ ಹಾರುತ್ತದೆ. ಕಾದಿರುವ ನಡುವಿನ ಎಲೆಕ್ಟ್ರೋಡಿನಿಂದ ಎಲೆಕ್ಟ್ರಾನು ಸುಲಭವಾಗಿ ಹೊರಡುತ್ತದೆ. ತಂಪಾದ ಬದಿಯ ಎಲೆಕ್ಟ್ರೋಡಿನಿಂದ ಹೊರಡಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಎಂಜಿನ್ ಓಡುತ್ತದೆ, ಆದರೆ ಏರಿನಲ್ಲಿ ಮುಗ್ಗರಿಸುತ್ತದೆ. ಇಂಥ ಕಾರಿಗೆ ಎಷ್ಟು ಪ್ಲಗ್ ಬದಲಿಸಿದರೂ ಫಲವಿಲ್ಲ.

ಜೂನ್ ತಿಂಗಳ ತೇವದಲ್ಲಿ ಬಿರುಕುಬಿಟ್ಟ ಪ್ಲಗ್ ವಯರು ಕಿಡಿಯನ್ನು ದಾರಿಯಲ್ಲೇ ಕದಿಯುತ್ತದೆ. ರಾತ್ರಿ ದೀಪ ಆರಿಸಿ, ಎಂಜಿನ್ ಓಡಿಸಿ, ಬಾನೆಟ್ ಎತ್ತಿ ದೂರದಿಂದ ನೋಡಿ: ವಯರಿನ ಮೈಮೇಲೆ ನೀಲಿ ಬೆಳಕು ಮಿಣುಕಿದರೆ ಬದಲಿಸಬೇಕಾದದ್ದು ವಯರೇ ಹೊರತು ಪ್ಲಗ್ಗಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಹನಿಗಟ್ಟುವುದೂ ಇಲ್ಲಿ ಸಾಮಾನ್ಯ. ಒಣಬಟ್ಟೆಯಿಂದ ಒರೆಸಿದರೆ ಸಾಕು.

ಪ್ಲಗ್ಗಿನ ಮುಖ ಓದುವುದು

ಸರಿಯಾದ ಪ್ಲಗ್ಗಿನ ಮೂಗು ತಿಳಿ ಕಂದು, ಒಣಗಿದ ಚಾಲಿ ಅಡಿಕೆಯ ಮೈಬಣ್ಣ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು ಅಥವಾ ಪ್ಲಗ್ ತೀರ ಕೋಲ್ಡ್. ಸುಣ್ಣದಂತೆ ಬಿಳಿಚಿ, ಎಲೆಕ್ಟ್ರೋಡಿನ ಅಂಚು ಉರುಟಾಗಿ, ಸಣ್ಣ ಗುಳ್ಳೆಗಳೆದ್ದಿದ್ದರೆ ಅದು ಅತಿಬಿಸಿಯ ಗುರುತು; ಆ ಕಾರನ್ನು ಘಾಟಿಗೆ ಒಯ್ಯಬಾರದು. ಓದುವುದಕ್ಕೂ ರೀತಿ ಇದೆ. ಮನೆಯಂಗಳದಲ್ಲಿ ಐಡ್ಲಿಂಗಿನಲ್ಲಿ ನಿಲ್ಲಿಸಿ ಬಿಚ್ಚಿದ ಪ್ಲಗ್ ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ, ವಾಹನವಿಲ್ಲದ ಏರಿನಲ್ಲಿ ಒಂದು ಕಿಲೋಮೀಟರ್ ಭಾರ ಕೊಟ್ಟು ಓಡಿಸಿ, ಕ್ಲಚ್ ಒತ್ತಿ, ಇಗ್ನಿಷನ್ ಆರಿಸಿ, ಬದಿಗೆ ನಿಲ್ಲಿಸಬೇಕು. ಸ್ವಲ್ಪ ಆರಿದ ಮೇಲೆ ಬಿಚ್ಚಿ ನೋಡಬೇಕು. ಗುರುವಾಯನಕೆರೆ–ವೇಣೂರು ದಾರಿಯಲ್ಲಿ ಇದಕ್ಕೆ ಒಪ್ಪುವ ಏರುಗಳಿವೆ. ಘಾಟಿಯ ತಿರುವುಗಳಲ್ಲಿ ಈ ಪರೀಕ್ಷೆ ಎಂದೂ ಬೇಡ.

ಹಳೆಯ ಪುಸ್ತಕಗಳ ಬಣ್ಣದ ಚಿತ್ರಗಳನ್ನು ಈಗ ಪೂರ್ತಿ ನಂಬುವಂತಿಲ್ಲ. ಅವು ಸೀಸ ಬೆರೆತ ಪೆಟ್ರೋಲಿನ ಕಾಲದವು. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಅಂದಿನಿಂದ ಬಣ್ಣ ಪೇಲವ. ಈಗ ಎಥನಾಲ್ ಬಂದಿದೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲಿನ ಒಳಗೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬ್ಯುರೇಟರ್ ಸೆಟ್ಟಿಂಗಿನಲ್ಲಿ ಮಿಶ್ರಣ ಶೇಕಡಾ ಏಳರಷ್ಟು ತೆಳುವಾಗುತ್ತದೆ. ಪ್ಲಗ್ ಬಿಳಿಚಿಕೊಳ್ಳುವುದು ಅದಕ್ಕೇ. ಕೂಡಲೇ ಕೋಲ್ಡ್ ಪ್ಲಗ್ಗಿಗೆ ಕೈಹಾಕುವುದು ತಪ್ಪು, ಮೊದಲು ಎಸ್.ಯು. ಕಾರ್ಬ್ಯುರೇಟರಿನ ಕೆಳಗಿನ ಜೆಟ್ ನಟ್ಟನ್ನು ಒಂದೊಂದು ಮುಖದಷ್ಟು ಇಳಿಸಿ ಮಿಶ್ರಣವನ್ನು ದಪ್ಪ ಮಾಡಬೇಕು, ಸಾಲದಿದ್ದರೆ ಸೂಜಿ ಬದಲಿಸಬೇಕು. ಎಥನಾಲ್ ನೀರನ್ನು ಹೀರುವ ಗುಣದ್ದು. ಮಳೆಗಾಲದ ಆಟಿ ತಿಂಗಳಿಡೀ ಕವರ್ ಹೊದ್ದು ನಿಂತ ಕಾರಿನ ಟ್ಯಾಂಕಿನಲ್ಲಿ ಅರೆಬರೆ ಪೆಟ್ರೋಲ್ ಇದ್ದರೆ ಅದು ತೇವ ಕುಡಿದಿರುತ್ತದೆ. ಆಮೇಲೆ ಸ್ಟಾರ್ಟ್ ಆಗದಿದ್ದರೆ ಬೈಗುಳ ಪ್ಲಗ್ಗಿಗೆ.

ನಿಂತ ಕಾರನ್ನು ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಪ್ಲಗ್ಗಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲವಾದರೆ ಮುಟ್ಟದೆ ಬಿಡಬೇಕು.

ಕೂರಿಸುವುದು

ಬಿಚ್ಚುವುದೂ ಹಾಕುವುದೂ ಎಂಜಿನ್ ತಣ್ಣಗಿರುವಾಗ. ಬಿ ಸೀರೀಸ್ ಮತ್ತು ಹೆರಾಲ್ಡ್ ಹೆಡ್ ಬೀಡುಕಬ್ಬಿಣದ್ದು, ತಾಳಿಕೊಳ್ಳುತ್ತದೆ. ಫಿಯೆಟ್ 1100ರ ಹೆಡ್ ಅಲ್ಯುಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ತ್ರೆಡ್ಡು ಪ್ಲಗ್ಗಿನ ಜೊತೆಗೇ ಕಿತ್ತುಬರಬಹುದು. ಮೊದಲು ಸುತ್ತಲಿನ ಮಣ್ಣನ್ನು ಊದಿ ತೆಗೆದು, ಹೊಸ ಪ್ಲಗ್ಗನ್ನು ಕೈಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಬೇಕು. ವಾಷರ್ ಹೆಡ್ಡಿಗೆ ಮುಟ್ಟಿದ ಮೇಲೆ ಸ್ಪ್ಯಾನರ್‌ನಲ್ಲಿ ಅರ್ಧದಿಂದ ಮೂರನೇ ಎರಡು ಸುತ್ತು. ಬಳಸಿದ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಹನ್ನೆರಡನೇ ಒಂದು ಸುತ್ತು ಸಾಕು. ಟಾರ್ಕ್ ರೆಂಚ್ ಇದ್ದವರಿಗೆ 14 ಮಿ.ಮೀ. ಪ್ಲಗ್ಗಿನ ಲೆಕ್ಕ 25ರಿಂದ 30 ನ್ಯೂಟನ್ ಮೀಟರ್. ಸಡಿಲವಾಗಿ ಕೂತ ಪ್ಲಗ್ ಬಿಸಿಯನ್ನು ಹೆಡ್ಡಿಗೆ ದಾಟಿಸಲಾರದು. ಸರಿಯಾದ ನಂಬರಿನದೇ ಆದರೂ ಅತಿಬಿಸಿಯಾಗುತ್ತದೆ.

ಇರಿಡಿಯಂ ಪ್ಲಗ್ ಬೇಕೇ ಎಂಬ ಪ್ರಶ್ನೆ ಈಚೆಗೆ ಹೆಚ್ಚು. ಅದರ ನಡುವಿನ ಎಲೆಕ್ಟ್ರೋಡ್ 0.4ರಿಂದ 0.6 ಮಿ.ಮೀ.ನಷ್ಟು ಸಪೂರ, ಸಾಮಾನ್ಯದ್ದು 2.5 ಮಿ.ಮೀ. ತೆಳು ತುದಿಯಿಂದ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರುತ್ತದೆ, ಸವೆತವೂ ಕಡಿಮೆ. ಸ್ಟಾರ್ಟಿಂಗ್ ಸುಲಭವಾಗುವುದು ನಿಜ. ಆದರೆ ವರ್ಷಕ್ಕೆ ಒಂದೆರಡು ಸಾವಿರ ಕಿಲೋಮೀಟರ್ ಓಡುವ ಕಾರಿನಲ್ಲಿ ದೀರ್ಘ ಬಾಳಿಕೆಗೆ ಬೆಲೆಯಿಲ್ಲ. ಎಣ್ಣೆಯೋ ಮಸಿಯೋ ಹಿಡಿದರೆ ದುಬಾರಿ ಪ್ಲಗ್ಗೂ ಅಗ್ಗದ್ದರಂತೆಯೇ ಸಾಯುತ್ತದೆ, ಅದನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಲೂ ಆಗದು. ಪ್ರಸಿದ್ಧ ಕಂಪನಿಗಳ ಹೆಸರಿನ ನಕಲಿ ಪ್ಲಗ್‌ಗಳೂ ಮಾರುಕಟ್ಟೆಯಲ್ಲಿವೆ. ಬೆಲೆ ಹೆಚ್ಚಿದಷ್ಟೂ ನಕಲಿಯ ಆಸೆ ಹೆಚ್ಚು. ಅಚ್ಚು ಮಸುಕಾಗಿದ್ದರೆ, ತ್ರೆಡ್ಡು ಒರಟಾಗಿದ್ದರೆ, ವಾಷರ್ ತಾನಾಗಿ ಕಳಚಿ ಬಿದ್ದರೆ ಹಣ ಕೊಡಬೇಡಿ.

ಅಂಬಾಸಿಡರ್‌ನ ಅಣ್ಣತಮ್ಮಂದಿರಾದ ಎಂ.ಜಿ.ಗಳಿಗೆ ಈ ಸೀಮೆಯಲ್ಲಿ ನನ್ನ ತೀರ್ಮಾನ ಬಿಪಿ6ಇಎಸ್ ಅಥವಾ ಅದಕ್ಕೆ ಸಮನಾದ ಸಾಮಾನ್ಯ ಪ್ಲಗ್, ಗ್ಯಾಪ್ 0.64 ಮಿ.ಮೀ., ನಾಲ್ಕೂ ಒಂದೇ ಕಂಪನಿಯವು. ಹೆಡ್ ಕೊರೆಸಿ ಕಂಪ್ರೆಷನ್ ಏರಿಸಿದ ಎಂಜಿನ್ನಿಗೆ ಮಾತ್ರ ಬಿಪಿ7ಇಎಸ್, ಅದೂ ಪ್ಲಗ್ಗಿನ ಮುಖ ನೋಡಿದ ಮೇಲೆ. ಚಾರ್ಮಾಡಿ ಹತ್ತುವವರು ಗ್ಯಾಪ್ ಹೊಂದಿಸಿಟ್ಟ ನಾಲ್ಕು ಹೊಸ ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್, ಒಂದು ಒಣಬಟ್ಟೆಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೊರಡಿ. ಇಲ್ಲದವರು ಉಜಿರೆಯಲ್ಲೇ ಕೊಳ್ಳಿ. ಘಾಟಿಯ ಮೇಲೆ ಅಂಗಡಿಯಿಲ್ಲ.